ಸರ್ಪಗಂಧಿಯ ಟೊಳ್ಳು ಬೀಜ

ಸರ್ಪಗಂಧಿಯ ಕಪ್ಪು ಹಣ್ಣಿನ ತಿರುಳನ್ನು ತಿಕ್ಕಿ ತೆಗೆದು, ಒಳಗಿನ ಗಟ್ಟಿ ಬೀಜವನ್ನು ಬ್ಲೇಡಿನಿಂದ ಸೀಳಿ ನೋಡಿ. ಹಲವು ಬೀಜಗಳಲ್ಲಿ ಏನೂ ಇರುವುದಿಲ್ಲ. ಹೊರಗೆ ಕಲ್ಲಿನಂಥ ಚಿಪ್ಪು, ಒಳಗೆ ಬರೀ ಟೊಳ್ಳು, ಭ್ರೂಣವೇ ಬೆಳೆದಿರುವುದಿಲ್ಲ. ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಎರಡೂ ಒಂದೇ ಬಣ್ಣ, ಒಂದೇ ಗಾತ್ರ, ಅದೇ ಸುಕ್ಕು.

ಔಷಧಿ ಗಿಡಗಳ ಬಗ್ಗೆ ನಮ್ಮಲ್ಲಿ ಬರುವ ಬರಹಗಳಲ್ಲಿ ಈ ಟೊಳ್ಳು ಬೀಜದ ಮಾತು ಕಾಣುವುದೇ ಅಪರೂಪ. ಸರ್ಪಗಂಧಿ ರಕ್ತದೊತ್ತಡಕ್ಕೆ ಒಳ್ಳೆಯದು, ನಿದ್ರೆ ಬರಿಸುತ್ತದೆ, ಹಾವಿನ ವಿಷ ಇಳಿಸುತ್ತದೆ ಎಂಬಲ್ಲಿಗೆ ಎಲ್ಲವೂ ಮುಗಿಯುತ್ತವೆ. ನಾನು ಫಾರ್ಮಸಿ ಓದುವ ಮಕ್ಕಳಿಗೆ ಫಾರ್ಮಕಾಗ್ನಸಿ ಪಾಠ ಹೇಳುವವಳು. ಬೇರು, ತೊಗಟೆ, ಎಲೆಗಳನ್ನು ಗುರುತಿಸಿ, ಅವುಗಳೊಳಗಿನ ರಾಸಾಯನಿಕಗಳನ್ನು ಅಳೆಯುವುದು ನಮ್ಮ ಕಸುಬು. ಪಾಠದಲ್ಲಿ ಸರ್ಪಗಂಧಿಗೆ ಸಿಗುವಷ್ಟು ಗೌರವ ಇನ್ನಾವ ಭಾರತೀಯ ಗಿಡಕ್ಕೂ ಸಿಗುವುದಿಲ್ಲ. ಆದರೆ ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಇದನ್ನು ಬೆಳೆಸತೊಡಗಿದ ಮೇಲೆ ಒಂದು ಮಾತು ಮನಸ್ಸಿನಲ್ಲಿ ಕೂತುಬಿಟ್ಟಿದೆ: ಈ ಗಿಡದ ಬೇರಿಗೆ ಜಗತ್ತಿನ ಅತ್ಯುತ್ತಮ ಪ್ರಯೋಗಾಲಯಗಳು ಸಿಕ್ಕವು, ಬೀಜಕ್ಕೆ ಮಾತ್ರ ಅಷ್ಟು ಜನ ಸಿಗಲಿಲ್ಲ. ಕಾಡಿನಲ್ಲಿ ಅದು ಅಪರೂಪವಾಗಲು ಆ ಅಂತರವೂ ಒಂದು ಕಾರಣ.

ಬೇರಿನ ಕಥೆ ಮೊದಲು ಹೇಳುತ್ತೇನೆ. ಅದು ನಿಜಕ್ಕೂ ದೊಡ್ಡ ಕಥೆ.

ದೆಹಲಿಯ ಹಕೀಮ್ ಅಜ್ಮಲ್ ಖಾನರು ಯುನಾನಿ ವೈದ್ಯರು. ಪರಂಪರೆಯ ಔಷಧಿಗಳನ್ನು ಆಧುನಿಕ ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕು ಎಂಬುದು ಅವರ ಹಂಬಲ. ಅದಕ್ಕಾಗಿ ಜರ್ಮನಿಯಲ್ಲಿ ಕಲಿತ ಸಲೀಮುಜ್ಜಮಾನ್ ಸಿದ್ದೀಕಿಯವರನ್ನು ತಮ್ಮ ತಿಬ್ಬಿಯಾ ಕಾಲೇಜಿಗೆ ಕರೆತಂದರು. ಅಜ್ಮಲ್ ಖಾನರು 1927ರಲ್ಲಿ ತೀರಿಕೊಂಡರು. 1931ರಲ್ಲಿ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಸರ್ಪಗಂಧಿಯ ಬೇರಿನಿಂದ, ದೇಹದ ಮೇಲೆ ಬಲವಾಗಿ ಕೆಲಸ ಮಾಡುವ ಸಸ್ಯ ರಾಸಾಯನಿಕಗಳಾದ ಹಲವು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದಾಗ ಒಂದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಹೃದಯದ ವಿದ್ಯುತ್ ಚಟುವಟಿಕೆಯಲ್ಲಿ ಹುಟ್ಟಿನಿಂದಲೇ ದೋಷವಿರುವ ಬ್ರುಗಾಡಾ ಸಿಂಡ್ರೋಮ್ ಎಂಬ ಕಾಯಿಲೆ ಇದೆ. ಸಾಮಾನ್ಯ ಇಸಿಜಿಯಲ್ಲಿ ಅದು ಎಷ್ಟೋ ಸಲ ಕಾಣುವುದಿಲ್ಲ. ಯುರೋಪಿನ ಆಸ್ಪತ್ರೆಗಳಲ್ಲಿ ಇಂದಿಗೂ ಅಜ್ಮಲೀನ್ ಚುಚ್ಚುಮದ್ದು ಕೊಟ್ಟು, ಅಡಗಿದ ದೋಷ ಇಸಿಜಿಯಲ್ಲಿ ಹೊರಬರುವಂತೆ ಮಾಡಿ ಪತ್ತೆ ಹಚ್ಚುತ್ತಾರೆ. ದೆಹಲಿಯ ಹಕೀಮರೊಬ್ಬರ ಹೆಸರನ್ನು ಜರ್ಮನಿಯ ಹೃದಯತಜ್ಞರು ಉಚ್ಚರಿಸುತ್ತಾರೆ ಎಂದು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಅದೇ 1931ರಲ್ಲಿ ಕಲ್ಕತ್ತೆಯಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದೇ ಬೇರಿನ ಪುಡಿಯನ್ನು ಉನ್ಮಾದ ಮತ್ತು ಏರಿದ ರಕ್ತದೊತ್ತಡಕ್ಕೆ ಕೊಟ್ಟು ಕಂಡ ಫಲವನ್ನು ಪ್ರಕಟಿಸಿದರು. ಬಿಹಾರ, ಉತ್ತರ ಪ್ರದೇಶದ ಕಡೆ ಜನ ಇದನ್ನು 'ಪಾಗಲ್ ಕೀ ದವಾ' ಎಂದೇ ಕೊಳ್ಳುತ್ತಿದ್ದರು. ರಾಮನಾಥ ಚೋಪ್ರಾ ಮತ್ತು ಸಂಗಡಿಗರು ಅದರ ಪರಿಣಾಮವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದರು. ಇವೆಲ್ಲ ಭಾರತದ ಪತ್ರಿಕೆಗಳಲ್ಲಿ ಅಚ್ಚಾಗಿ, ಹೊರಗಿನವರ ಕಣ್ಣಿಗೆ ಬೀಳದೆ ಹೆಚ್ಚು ಕಡಿಮೆ ಹದಿನೆಂಟು ವರ್ಷ ಉಳಿದವು. 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತಮ್ ಜಾಲ್ ವಕೀಲ್ 50 ರೋಗಿಗಳ ಮೇಲಿನ ಅಧ್ಯಯನವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಎಲ್ಲವೂ ಬದಲಾಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಎಮಿಲ್ ಶ್ಲಿಟ್ಲರ್ ಮತ್ತು ಸಂಗಡಿಗರು ಇದೇ ಬೇರಿನಿಂದ ರಿಸರ್ಪಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಮಾನಸಿಕ ರೋಗಿಗಳಿಗೆ ಕೊಟ್ಟು ಕಂಡ ಫಲವನ್ನು ವರದಿ ಮಾಡಿದರು. 1956ರಲ್ಲಿ ರಾಬರ್ಟ್ ವುಡ್‌ವರ್ಡ್ ಆ ಜಟಿಲ ಅಣುವನ್ನು ಪ್ರಯೋಗಾಲಯದಲ್ಲೇ ಕಟ್ಟಿ ತೋರಿಸಿದರು. ವಕೀಲ್ ಅವರಿಗೆ 1957ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಗೌರವವಾದ ಲಾಸ್ಕರ್ ಪ್ರಶಸ್ತಿ ಬಂತು.

ರಿಸರ್ಪಿನ್ ಕೆಲಸ ಮಾಡುವ ಬಗೆ ತಿಳಿದುಕೊಂಡರೆ ಅದರ ಗುಣವೂ ಅಪಾಯವೂ ಒಟ್ಟಿಗೇ ಅರ್ಥವಾಗುತ್ತವೆ. ನರಕೋಶದ ತುದಿಯಲ್ಲಿ ಪುಟ್ಟ ಪುಟ್ಟ ಸಂಚಿಗಳಿರುತ್ತವೆ. ನಾರ್‌ಅಡ್ರಿನಲಿನ್, ಡೋಪಮಿನ್, ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕಗಳನ್ನು ಆ ಸಂಚಿಗಳಿಗೆ ತುಂಬಿಸುವ ಒಂದು ಪ್ರೋಟೀನ್ ಇದೆ. ರಿಸರ್ಪಿನ್ ಅದಕ್ಕೆ ಬಿಗಿಯಾಗಿ ಅಂಟಿಕೊಂಡು ತುಂಬಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಕಣಜಕ್ಕೆ ಕಾಳು ಸೇರದಿದ್ದರೆ ಹೊರಗೆ ಬಿದ್ದದ್ದನ್ನು ಇಲಿ ತಿನ್ನುವಂತೆ, ಸಂಚಿ ಸೇರದ ಆ ರಾಸಾಯನಿಕಗಳನ್ನು ಕೋಶದ ಕಿಣ್ವಗಳು ಒಡೆದುಹಾಕುತ್ತವೆ. ನಾರ್‌ಅಡ್ರಿನಲಿನ್ ಕಡಿಮೆಯಾದಾಗ ರಕ್ತನಾಳ ಸಡಿಲಗೊಂಡು ಒತ್ತಡ ಇಳಿಯುತ್ತದೆ. ಮಿದುಳಿನಲ್ಲೂ ಅದೇ ಖಾಲಿತನ ಉಂಟಾಗುವುದರಿಂದ ಉದ್ರೇಕ ತಗ್ಗುತ್ತದೆ, ಕೆಲವರಲ್ಲಿ ಮಂಕು, ಖಿನ್ನತೆ ಬರುತ್ತದೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟು ಮೊಲಗಳನ್ನು ಅಲುಗಾಡದಂತೆ ಮಾಡಿ, ದೇಹದಲ್ಲಿ ಡೋಪಮಿನ್ ಆಗಿ ಮಾರ್ಪಡುವ ಎಲ್-ಡೋಪಾ ಕೊಟ್ಟಾಗ ಅವು ಮತ್ತೆ ಎದ್ದು ಓಡಾಡಿದ್ದನ್ನು 1957ರಲ್ಲಿ ತೋರಿಸಿದರು. ಪಾರ್ಕಿನ್ಸನ್ ಕಾಯಿಲೆಗೆ ಇಂದು ಕೊಡುವ ಮುಖ್ಯ ಔಷಧಿಯ ದಾರಿ ತೆರೆದದ್ದು ಅಲ್ಲಿಂದ. 2000ದಲ್ಲಿ ಕಾರ್ಲ್‌ಸನ್ ಅವರಿಗೆ ನೊಬೆಲ್ ಬಂತು. ನಮ್ಮ ಕಾಡಿನ ನೆರಳಲ್ಲಿ ಮೊಣಕಾಲೆತ್ತರ ಬೆಳೆಯುವ ಗಿಡವೊಂದು ಮಿದುಳಿನ ರಸಾಯನವನ್ನು ಅರಿಯುವ ಕೀಲಿಯಾಯಿತು.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಕೇಳುವವರು ಬಹಳ ಇದ್ದಾರೆ. ಮನೆಯಲ್ಲಿ ಬೆಳೆದ ಬೇರನ್ನು ಪುಡಿ ಮಾಡಿ ಬಿಪಿಗೆಂದು ತಿನ್ನಬೇಡಿ. ರಿಸರ್ಪಿನ್‌ನ ದಿನದ ಪ್ರಮಾಣ ಮಿಲಿಗ್ರಾಮಿನ ಹತ್ತನೇ ಒಂದು ಭಾಗದಿಂದ ಕಾಲು ಭಾಗ. ಗಿಡದಿಂದ ಗಿಡಕ್ಕೆ, ಊರಿಂದ ಊರಿಗೆ, ಕೀಳುವ ಋತುವಿನಿಂದ ಋತುವಿಗೆ ಬೇರಿನ ಅಂಶ ಬದಲಾಗುತ್ತದೆ. ಚಿಟಿಕೆಯ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಹೊಟ್ಟೆಹುಣ್ಣು ಇದ್ದವರಿಗೆ, ಖಿನ್ನತೆ ಅನುಭವಿಸಿದವರಿಗೆ ಇದು ನೇರ ಅಪಾಯ. ಹಾವು ಕಚ್ಚಿದರೆ ಆಸ್ಪತ್ರೆಗೇ ಹೋಗಬೇಕು. ಬೇರು ಅರೆಯುತ್ತಾ ಕಳೆಯುವ ಒಂದೊಂದು ನಿಮಿಷವೂ ಪ್ರಾಣದ ಮೇಲೆ ಬರುತ್ತದೆ.

ಈಗ ಕಾಡಿನ ಕಡೆ ನೋಡೋಣ. 1950ರ ದಶಕದಲ್ಲಿ ಜಗತ್ತಿಗೆಲ್ಲ ರಿಸರ್ಪಿನ್ ಬೇಕಾಯಿತು. ಒಣಬೇರಿನಲ್ಲಿ ರಿಸರ್ಪಿನ್ ಇರುವುದು ಶೇಕಡಾ 0.1ರ ಆಸುಪಾಸು. ಒಂದು ಕಿಲೋ ಬೇರಿಗೆ ಒಂದು ಗ್ರಾಂ ಲೆಕ್ಕ. ಬೇರು ಕಿತ್ತರೆ ಗಿಡ ಉಳಿಯುವುದಿಲ್ಲ. ನೆಲ್ಲಿಯ ಹಣ್ಣು ಕೊಯ್ದಂತೆಯೋ, ಆಡುಸೋಗೆಯ ಎಲೆ ಕಿತ್ತಂತೆಯೋ ಇದಲ್ಲ. ಅದೂ ಹಣ್ಣು ಬಲಿಯುವ ಮೊದಲೇ ಕಿತ್ತರೆ ಮುಂದಿನ ಪೀಳಿಗೆಯೂ ಅಲ್ಲಿಗೇ ನಿಂತಿತು. ಹಿಮಾಲಯದ ತಪ್ಪಲಿನಿಂದ ಪಶ್ಚಿಮ ಘಟ್ಟದವರೆಗೆ ಗಿಡ ಕಡಿಮೆಯಾಗುತ್ತಾ ಬಂತು. ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ 1990ರಲ್ಲಿ ಸರ್ಪಗಂಧಿ ಸೇರಿತು. ಕಾಡಿನಿಂದ ಕಿತ್ತ ಬೇರನ್ನು ಭಾರತದಿಂದ ರಫ್ತು ಮಾಡುವಂತಿಲ್ಲ. ವುಡ್‌ವರ್ಡ್ ಅಣುವನ್ನು ಕಟ್ಟಿ ತೋರಿಸಿದ್ದರೂ ಬೇರಿನ ಬೇಡಿಕೆ ನಿಲ್ಲಲಿಲ್ಲ. ಕಂಪನಿಗಳು ಆಫ್ರಿಕದ ಸೋದರ ಪ್ರಭೇದದತ್ತ ತಿರುಗಿದವು, ನಮ್ಮಲ್ಲಿನ ಮೂಲಿಕೆ ವ್ಯಾಪಾರಕ್ಕೆ ಕಾಡಿನ ಬೇರು ಹೋಗುತ್ತಲೇ ಇತ್ತು.

ಅಂಗಡಿಯಲ್ಲಿ ಸಿಗುವ ಬೇರು ಸರ್ಪಗಂಧಿಯದೇ ಎಂದು ನಂಬುವುದೂ ಕಷ್ಟ. ರಸ್ತೆ ಬದಿ, ಪಾಳು ಜಾಗದಲ್ಲಿ ಬೆಳೆಯುವ ದೊಡ್ಡ ಚಂದ್ರಿಕೆ ಇದೇ ಕುಲದ್ದು, ಅಮೆರಿಕ ಖಂಡದಿಂದ ಬಂದದ್ದು. ಅದರ ಬೇರನ್ನು ಸರ್ಪಗಂಧಿ ಎಂದು ಮಾರುವುದುಂಟು. ಗಿಡ ಎದುರಿಗಿದ್ದರೆ ಗುರುತಿಸುವುದು ಸುಲಭ. ಚಂದ್ರಿಕೆಯ ಗೆಣ್ಣಿಗೆ ನಾಲ್ಕು ಎಲೆ, ಅವೂ ಒಂದೊಂದು ಒಂದೊಂದು ಅಳತೆ. ಸರ್ಪಗಂಧಿಗೆ ಸಾಮಾನ್ಯವಾಗಿ ಮೂರು, ಹೂವಿನ ತೊಟ್ಟು ಮತ್ತು ಪುಷ್ಪಪಾತ್ರೆ ಕಡುಗೆಂಪು, ದಳ ಬಿಳಿ. ಒಣಗಿದ ಬೇರಾದರೆ ಸೂಕ್ಷ್ಮದರ್ಶಕ ಬೇಕು. ತೆಳ್ಳಗೆ ಕೊಯ್ದ ಸೀಳಿಗೆ ಫ್ಲೋರೊಗ್ಲುಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಕೋಶದ ಗೋಡೆಯನ್ನು ಗಟ್ಟಿಗೊಳಿಸುವ ಲಿಗ್ನಿನ್ ಇರುವ ಕಡೆಯೆಲ್ಲ ಕೆಂಪಾಗುತ್ತದೆ. ಸರ್ಪಗಂಧಿಯ ಒಳತೊಗಟೆಯಲ್ಲಿ ಲಿಗ್ನಿನ್ ತುಂಬಿದ ಕಲ್ಲುಕೋಶಗಳಿಲ್ಲ, ಆ ಭಾಗ ಕೆಂಪಾಗದೆ ಉಳಿಯುತ್ತದೆ. ಸೋದರ ಪ್ರಭೇದಗಳ ತೊಗಟೆಯಲ್ಲಿ ಕೆಂಪು ಗುಂಪುಗಳು ಎದ್ದು ಕಾಣುತ್ತವೆ. ಡಿಎನ್‌ಎ ನೋಡಿ ಪ್ರಭೇದ ಗುರುತಿಸುವ ಬಾರ್‌ಕೋಡಿಂಗ್ ಬಂದ ಮೇಲೂ ಈ ಹಳೆಯ ಪರೀಕ್ಷೆಯನ್ನು ನಾನು ಬಿಡಲಾರೆ. ಒಂದು ಬ್ಲೇಡು, ಎರಡು ಹನಿ, ಹತ್ತು ನಿಮಿಷ. ಯಾವ ಊರಿನ ಕಾಲೇಜಿನಲ್ಲಾದರೂ ಮಾಡಬಹುದು.

ಹಾಗಾದರೆ ಬೆಳೆಯುವುದು ಹೇಗೆ? ಬೀಜದಿಂದ, ಬೇರಿನ ತುಂಡಿನಿಂದ, ಕಾಂಡದ ತುಂಡಿನಿಂದ, ಹೀಗೆ ಮೂರು ದಾರಿ. ಬೀಜ ಮೊಳೆಯುವುದು ಕಷ್ಟ ಎಂದು ಗೊತ್ತಾದ ತಕ್ಷಣ ಎಲ್ಲರ ಮನಸ್ಸೂ ತುಂಡುಗಳ ಕಡೆ ಹೋಗುತ್ತದೆ. ಅಲ್ಲೊಂದು ತೊಡಕಿದೆ. ಬೇಸಾಯದ ಪ್ರಯೋಗಗಳಿಂದ ಬಂದು, ಕೈಪಿಡಿಗಳಲ್ಲಿ ಮತ್ತೆ ಮತ್ತೆ ಅಚ್ಚಾಗುವ ಅಂಕಿಗಳು ಇವು: ಒಂದು ಹೆಕ್ಟೇರಿನಲ್ಲಿ ಬೀಜದ ಸಸಿಯಿಂದ 1175 ಕಿಲೋ ಒಣಬೇರು, ಬೇರಿನ ತುಂಡಿನಿಂದ 345 ಕಿಲೋ, ಕಾಂಡದ ತುಂಡಿನಿಂದ 175 ಕಿಲೋ. ಬೀಜದ ಸಸಿಗೆ ತಾಯಿಬೇರು ನೇರವಾಗಿ ಆಳಕ್ಕೆ ಇಳಿದು ದಪ್ಪವಾಗುತ್ತದೆ. ತುಂಡಿನಿಂದ ಎದ್ದ ಗಿಡಕ್ಕೆ ಬರುವುದು ಕವಲುಬೇರು, ಅದು ಅಷ್ಟು ಸ್ಥೂಲವಾಗುವುದಿಲ್ಲ. ಬೇರೇ ಫಸಲಾಗಿರುವ ಗಿಡದಲ್ಲಿ ಈ ವ್ಯತ್ಯಾಸ ಇಡೀ ಬೇಸಾಯದ ಹಣೆಬರಹವನ್ನೇ ಬರೆಯುತ್ತದೆ. ಜೊತೆಗೆ, ಬೇರಿನ ತುಂಡು ಬೇಕೆಂದರೆ ಯಾವುದೋ ಗಿಡವನ್ನು ಅಗೆಯಲೇಬೇಕು. ಹೆಕ್ಟೇರಿಗೆ ಸುಮಾರು 100 ಕಿಲೋ ಹಸಿಬೇರು ಬೇಕಾಗುತ್ತದೆ. ಕಾಡನ್ನು ಉಳಿಸಲು ಹೊರಟವರು ಕಾಡಿನ ಬೇರನ್ನೇ ನೆಡುಸಾಮಗ್ರಿ ಮಾಡಿಕೊಂಡರೆ ಏನು ಪ್ರಯೋಜನ?

ಆದ್ದರಿಂದ ತಿರುಗಿ ತಿರುಗಿ ಬೀಜಕ್ಕೇ ಬರಬೇಕು. ಮೊಳಕೆಯ ಪ್ರಮಾಣ ಶೇ 10ರಿಂದ 50ರವರೆಗೆ ಏರುಪೇರಾಗುತ್ತದೆ ಎನ್ನುತ್ತವೆ ಕೈಪಿಡಿಗಳು. ಅದಕ್ಕೆ ಟೊಳ್ಳುತನ ಒಂದು ಕಾರಣ. ಕಲ್ಲುಚಿಪ್ಪು ಎರಡನೆಯದು, ನೀರು ಒಳಗಿಳಿಯಲು ಬಹಳ ಕಾಲ ಬೇಕು. ಮೂರನೆಯದು ವಯಸ್ಸು. ಏಳೆಂಟು ತಿಂಗಳು ಇಟ್ಟ ಬೀಜದ ಜೀವ ಬಹುಮಟ್ಟಿಗೆ ಹೋಗಿರುತ್ತದೆ. ಹಣ್ಣುಗಳು ಒಟ್ಟಿಗೇ ಮಾಗುವುದಿಲ್ಲ ಎಂಬುದು ಇನ್ನೊಂದು. ಒಂದೇ ಗೊಂಚಲಿನಲ್ಲಿ ಮೊಗ್ಗು, ಹೂವು, ಹಸಿರು ಕಾಯಿ, ಕಪ್ಪು ಹಣ್ಣು ಎಲ್ಲವೂ ಇರುತ್ತವೆ. ಮಳೆಗಾಲದ ನಡುವಿನಿಂದ ಚಳಿ ಶುರುವಾಗುವ ತನಕ ವಾರವಾರವೂ ಗಿಡದ ಬಳಿ ಹೋಗಿ ಕಪ್ಪಾದದ್ದನ್ನಷ್ಟೇ ಬಿಡಿಸಬೇಕು. ಒಂದು ವಾರ ತಪ್ಪಿದರೆ ಹಣ್ಣು ಉದುರಿರುತ್ತದೆ, ಇಲ್ಲವೇ ಹಕ್ಕಿಗಳು ಮುಗಿಸಿರುತ್ತವೆ. ಕೂಲಿಯವರಿಗೆ ಒಪ್ಪಿಸಿ ಸುಮ್ಮನಿರುವ ಕೆಲಸ ಇದಲ್ಲ. ನಮ್ಮತ್ತೆಯವರು ಬೆಳಿಗ್ಗೆ ಹೂ ಕೊಯ್ಯಲು ಹೋದಾಗ ಸೆರಗಿನಲ್ಲಿ ಒಂದು ಹಿಡಿ ಕಪ್ಪು ಹಣ್ಣನ್ನೂ ತರುತ್ತಾರೆ. ನಮ್ಮ ಬೀಜದ ಬಹುಪಾಲು ಬಂದದ್ದು ಹೀಗೆಯೇ.

ಹಣ್ಣನ್ನು ನೀರಿನಲ್ಲಿ ನೆನೆಸಿ, ಮರಳಿನ ಜೊತೆ ಗೋಣಿಯ ಮೇಲೆ ತಿಕ್ಕಿದರೆ ತಿರುಳು ಬಿಡುತ್ತದೆ. ನೆರಳಲ್ಲಿ ಒಣಗಿಸಿದ ಮೇಲೆ ಉಪ್ಪುನೀರಿನ ಪರೀಕ್ಷೆ: ಲೀಟರಿಗೆ 100 ಗ್ರಾಂ ಉಪ್ಪು ಕರಗಿಸಿ ಬೀಜ ಸುರಿಯುವುದು. ತೇಲಿದ್ದು ಟೊಳ್ಳು, ಮುಳುಗಿದ್ದು ಗಟ್ಟಿ. ಮುಳುಗಿದ್ದನ್ನು ಕೂಡಲೇ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಈ ಒಂದು ಹೆಜ್ಜೆಯಿಂದಲೇ ಪಾತಿಯ ಅರ್ಧ ಜಾಗ, ಅರ್ಧ ಶ್ರಮ ಉಳಿಯುತ್ತದೆ. ತೇಲಿದ ಬೀಜವನ್ನು ಎಸೆಯುವಾಗ ಮೊದಮೊದಲು ಕೈ ಬಾರದು. ಒಂದಿಷ್ಟನ್ನು ಸೀಳಿ ನೋಡಿದರೆ ಆ ಸಂಕೋಚ ಹೋಗುತ್ತದೆ.

ಬಿತ್ತಿದ ಮೇಲೆ ಬೇಕಾದದ್ದು ತಾಳ್ಮೆ. ಮೊದಲ ಮೊಳಕೆ ಎರಡು ಮೂರು ವಾರಕ್ಕೆ ಬಂದರೆ ಕೊನೆಯದು ಒಂದೂವರೆ ತಿಂಗಳಿಗೂ ಬರಬಹುದು. ಅಷ್ಟು ಕಾಲ ಪಾತಿ ತೇವವಾಗಿರಬೇಕು, ಜೌಗಾಗಬಾರದು. ಏಪ್ರಿಲ್–ಮೇ ಬಿಸಿಲಿಗೆ ಅಡಿಕೆ ಸೋಗೆಯ ಚಪ್ಪರ ಸಾಕು. ನಾಲ್ಕಾರು ಎಲೆ ಬಂದ ಸಸಿಯನ್ನು ಮಳೆ ಹಿಡಿದ ಮೇಲೆ ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟು ನೆಡುವುದು ವಾಡಿಕೆ. ಬಯಲುಸೀಮೆಯ ಕೈಪಿಡಿ ಓದಿ ಮಲೆನಾಡಿನಲ್ಲಿ ಸಮತಟ್ಟಾಗಿ ನೆಟ್ಟರೆ ಆಷಾಢದಲ್ಲೇ ಬೇರು ಕೊಳೆಯುತ್ತದೆ. ಇಲ್ಲಿ ಏರುಮಡಿ ಬೇಕೇ ಬೇಕು, ಬಸಿಗಾಲುವೆ ಬೇಕೇ ಬೇಕು. ನೆರಳಿನ ಗಿಡ ಎಂದು ಪೂರ್ತಿ ಕತ್ತಲೆಯಲ್ಲಿಟ್ಟರೆ ಬದುಕುತ್ತದೆ, ಬೇರು ಕಟ್ಟುವುದಿಲ್ಲ. ತೋಟದ ಅಂಚಿನಲ್ಲಿ, ಅರ್ಧ ದಿನ ಬಿಸಿಲು ಬೀಳುವ ಕಡೆ ನಮ್ಮವು ಚೆನ್ನಾಗಿವೆ. ಎಲೆಚುಕ್ಕೆ ರೋಗ ಬರುತ್ತದೆ. ಅದಕ್ಕಿಂತ ನಾನು ಹೆಚ್ಚು ಹೆದರುವುದು ಬೇರುಗಂಟು ಜಂತುಹುಳುವಿಗೆ, ಅದು ಫಸಲಿಗೇ ನೇರವಾಗಿ ಕೈಹಾಕುತ್ತದೆ. ಬದನೆ, ಟೊಮ್ಯಾಟೊ ಬೆಳೆದ ಮಣ್ಣಿನಲ್ಲಿ ಸರ್ಪಗಂಧಿ ಹಾಕದಿರುವುದು ಒಳ್ಳೆಯದು.

ಕೀಳಲು ಕನಿಷ್ಠ ಹದಿನೆಂಟು ತಿಂಗಳು ಕಾಯಬೇಕು. ಚಳಿಗಾಲದಲ್ಲಿ ಎಲೆ ಉದುರಿ ಗಿಡ ಸುಮ್ಮನಾದಾಗ ಬೇರಿನಲ್ಲಿ ಆಲ್ಕಲಾಯ್ಡ್ ಹೆಚ್ಚಿರುತ್ತದೆ. ಇಲ್ಲಿ ನನ್ನ ಪಾಠವೂ ತೋಟವೂ ಒಂದಾಗುತ್ತವೆ: ಆಲ್ಕಲಾಯ್ಡಿನ ಬಹುಪಾಲು ಇರುವುದು ಬೇರಿನ ತೊಗಟೆಯಲ್ಲಿ. ಬೇರಿನ ತೂಕದಲ್ಲಿ ತೊಗಟೆ ಅರ್ಧದಷ್ಟಿದ್ದರೂ ಔಷಧಿಯ ಅಂಶ ಹೆಚ್ಚು ಕಡಿಮೆ ಅದರೊಳಗೇ ಇರುತ್ತದೆ. ಶುಚಿಯಾಗಿ ಕಾಣಲಿ ಎಂದು ಉಜ್ಜಿ ಉಜ್ಜಿ ತೊಳೆದರೆ ಔಷಧಿಯನ್ನೇ ಕಾಲುವೆಗೆ ಬಿಟ್ಟಂತೆ. ಮಣ್ಣು ಹೋಗುವಷ್ಟು ಮಾತ್ರ ತೊಳೆದು, ತೇವಾಂಶ ಶೇ 10ಕ್ಕಿಂತ ಕಡಿಮೆಯಾಗುವ ತನಕ ಒಣಗಿಸಬೇಕು.

ಸಂಶೋಧನೆ ನಡೆದೇ ಇಲ್ಲ ಎನ್ನಲಾರೆ. ಇಂದೋರಿನಲ್ಲಿ ಆರ್‌ಎಸ್-1 ತಳಿ ಬಂತು, ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯಿಂದ (ಸಿಮ್ಯಾಪ್) ಸಿಮ್-ಶೀಲ್ ಬಂತು. ಸಿಮ್ಯಾಪ್‌ನ ಒಂದು ಕೇಂದ್ರ ಬೆಂಗಳೂರಿನಲ್ಲೂ ಇದೆ. ಅಂಗಾಂಶ ಕೃಷಿಯಲ್ಲಿ ಸಸಿ ಎಬ್ಬಿಸುವ ವಿಧಾನಗಳಿವೆ. ಮಣ್ಣಿನ ಒಂದು ಬ್ಯಾಕ್ಟೀರಿಯಾವನ್ನು ತಾಗಿಸಿ, ಬೇರನ್ನಷ್ಟೇ ಗಾಜಿನ ಪಾತ್ರೆಯಲ್ಲಿ ಬೆಳೆಸುವ ಕೂದಲುಬೇರಿನ ತಂತ್ರವೂ ಈ ಗಿಡಕ್ಕೆ ಒಗ್ಗಿದೆ. ಗಿಡಗಳು ಈ ಬಗೆಯ ಆಲ್ಕಲಾಯ್ಡ್‌ಗಳನ್ನು ಕಟ್ಟುವ ಮೊದಲ ಮುಖ್ಯ ಕಿಣ್ವದ ಜೀನನ್ನು 1988ರಲ್ಲಿ ಜರ್ಮನಿಯ ತಂಡವೊಂದು ಬೇರ್ಪಡಿಸಿದ್ದು ಸರ್ಪಗಂಧಿಯ ಕೋಶಗಳಿಂದಲೇ. ಇವೆಲ್ಲವನ್ನೂ ನಾನು ಪ್ರೀತಿಯಿಂದ ಪಾಠ ಮಾಡುತ್ತೇನೆ. ಆದರೆ ಎಕರೆ ಅಡಿಕೆ ಇರುವ ರೈತರಿಗೆ ಬೇಕಾದದ್ದು ಬೇರೆ. ನಮ್ಮ ಮಳೆಗೆ ಕೊಳೆಯದ ತಳಿ ಯಾವುದು? ಯಾವ ಗಿಡದ ಬೀಜದಲ್ಲಿ ಟೊಳ್ಳು ಕಡಿಮೆ, ಅದು ವಂಶದಿಂದ ಬಂದದ್ದೋ, ಪರಾಗಸ್ಪರ್ಶ ಸರಿಯಾಗದೆ ಬಂದದ್ದೋ? ಬೀಜವನ್ನು ಎಷ್ಟು ತಂಪಿನಲ್ಲಿ ಇಟ್ಟರೆ ಮುಂದಿನ ಏಪ್ರಿಲ್‌ವರೆಗೆ ಜೀವ ಉಳಿಯುತ್ತದೆ? ದುಬಾರಿ ಯಂತ್ರ ಬೇಡದ ಪ್ರಶ್ನೆಗಳಿವು. ಮಳೆಯಲ್ಲಿ ನಿಂತು ಎಣಿಸುವ ಜನ ಬೇಕು, ಮೂರು ನಾಲ್ಕು ಮಳೆಗಾಲ ಬಿಡದೆ ಎಣಿಸುವವರು ಬೇಕು. ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯ ಕೇಳಿಕೊಂಡು ಬರುವ ಮಕ್ಕಳಿಗೆ ಇದನ್ನೇ ಹೇಳುತ್ತೇನೆ. ಹೆಚ್ಚಿನವರು ಇನ್ನೊಂದು ಸಾರ ತೆಗೆದು ಇಲಿಗೆ ಕೊಡುವ ವಿಷಯವನ್ನೇ ಆರಿಸಿಕೊಳ್ಳುತ್ತಾರೆ. ಎರಡು ವರ್ಷದಲ್ಲಿ ಮುಗಿಸಬೇಕಾದ ಒತ್ತಡ ಅವರದು, ಅವರನ್ನು ದೂರಲಾರೆ.

ಕಾಡಿನಲ್ಲಿ ಉಳಿದ ಗಿಡಗಳ ಬೆಲೆ ಇಲ್ಲಿಯೇ ಗೊತ್ತಾಗುವುದು. ತಳಿ ಆರಿಸಬೇಕಾದರೆ ವೈವಿಧ್ಯ ಇರಬೇಕು, ವೈವಿಧ್ಯ ಇರುವುದು ಕಾಡಿನಲ್ಲಿ. ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನಕ್ಕೆ ದುಡಿಯುವ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ 1993ರಿಂದ ಅರಣ್ಯ ಇಲಾಖೆಯ ಜೊತೆ ಸೇರಿ ಔಷಧಿ ಸಸ್ಯಗಳಿಗೆಂದೇ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿತು. ಸಾವನದುರ್ಗ, ಸಂಡೂರು, ಕುದುರೆಮುಖ, ತಲಕಾವೇರಿಯ ಕಡೆಗಳಲ್ಲಿ ಅಂಥವು ಇವೆ. ಕಾಡಿನೊಳಗೇ ಗಿಡವನ್ನು ಅದರ ಪಾಡಿಗೆ ಬಿಡುವ ಈ ಕೆಲಸಕ್ಕೂ, ತೋಟದಲ್ಲಿ ಬೆಳೆಯುವ ಕೆಲಸಕ್ಕೂ ಜಗಳವಿಲ್ಲ. ಒಂದಿಲ್ಲದೆ ಇನ್ನೊಂದು ನಿಲ್ಲದು.

ಈ ಸಲ ಹಣ್ಣನ್ನು ಗಿಡವಾರು ಬೇರೆ ಬೇರೆ ಲಕೋಟೆಯಲ್ಲಿ ಕೂಡಿಡುತ್ತಿದ್ದೇವೆ. ಯಾವ ಗಿಡದ್ದು, ಬಿಸಿಲಿನದೋ ನೆರಳಿನದೋ, ಯಾವ ವಾರ ಬಿಡಿಸಿದ್ದು, ಎಷ್ಟು ತೇಲಿತು, ಎಷ್ಟು ಮುಳುಗಿತು ಎಂದು ಪ್ರತಿಯೊಂದರ ಮೇಲೂ ಬರೆಯುತ್ತಿದ್ದೇವೆ. ಬಿತ್ತಿದ ಮೇಲೆ ಮೊಳಕೆಯ ಲೆಕ್ಕವೂ ಅದರ ಜೊತೆ ಸೇರುತ್ತದೆ. ನಿಮ್ಮ ಹಿತ್ತಲಲ್ಲೋ ಬೆಟ್ಟದಲ್ಲೋ ಸರ್ಪಗಂಧಿ ಇದ್ದರೆ, ಬೇರು ಕೀಳಬೇಡಿ. ಹಣ್ಣು ಕಪ್ಪಾಗುವವರೆಗೆ ಕಾದು, ಒಂದಿಷ್ಟು ಗಿಡದಲ್ಲೇ ಬಿಟ್ಟು, ಉಳಿದದ್ದನ್ನು ಉಪ್ಪುನೀರಿಗೆ ಹಾಕಿ ನೋಡಿ. ನೂರಕ್ಕೆ ಎಷ್ಟು ಮುಳುಗಿದವು, ನಿಮ್ಮದು ಯಾವ ಸೀಮೆ, ಎಷ್ಟು ನೆರಳು ಎಂದು ಬರೆದು ತಿಳಿಸಿ. ನಮ್ಮ ಲೆಕ್ಕದ ಪಕ್ಕದಲ್ಲಿ ನಿಮ್ಮದನ್ನೂ ಇಟ್ಟು ಮುಂದಿನ ಮಳೆಗಾಲದ ಹೊತ್ತಿಗೆ ಇಲ್ಲೇ ಹಾಕುತ್ತೇನೆ.